ಹಿಟ್ಟಿನಂಥ ಹಿಮಕ್ಕೆ ಹಲಗೆ ಹುಡುಕಿದ್ದು

ನಾನಾಗಿ ಹುಡುಕಿಕೊಂಡು ಹೋದ ನಗೆ ಒಂದೂ ಇಲ್ಲ. ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ, ಡಬ್ಲಿನ್ನಿನಿಂದ ರೆಡ್‌ವುಡ್ ಸಿಟಿಯ ಆಫೀಸಿಗೆ ಹೋಗಿ, ಸಂಜೆ ಬಂದು ಕೈಕಾಲು ತೊಳೆದು ಮತ್ತೆ ದೀಪ ಹಚ್ಚುವ ಮನುಷ್ಯ ನಾನು. ಆದರೆ ಬಾಗಿಲು ಹಾಕಿಕೊಂಡು ಕೂತಿದ್ದರೂ ನಗೆ ಕಿಟಕಿಯಿಂದ ಬರುತ್ತದೆ. ಹೋದ ಚಳಿಗಾಲ ಮಾತ್ರ ಅದು ಬೆಟ್ಟದ ಮೇಲಿನಿಂದಲೇ ಬಂತು.

ಮಗಳು ಹೈಸ್ಕೂಲಿನ ಕೊನೆಯ ವರ್ಷ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಹಾಗೆ ಸಂಸಾರ ನಡೆದುಕೊಂಡು ಬಂದಿದೆ. ಒಂದು ದಿನ ನಾನು ಸಂಧ್ಯಾವಂದನೆ ಮುಗಿಸಿ ಏಳುವುದನ್ನೇ ಕಾದು ನಿಂತಿದ್ದವಳು ತಾನಾಗಿ ಕನ್ನಡದಲ್ಲಿ ಕೇಳಿದಳು.

"ಅಪ್ಪಾ, ನನ್ನ ಜೊತೆ ಪೌಡರ್‌ಗೆ ಬರ್ತೀಯಾ?"

ಕನ್ನಡದಲ್ಲಿ ಕೇಳಿದಳಲ್ಲ, ಆ ಸಂತೋಷಕ್ಕೆ "ಬರ್ತೀನಮ್ಮ" ಅಂದುಬಿಟ್ಟೆ. ಎಲ್ಲಿಗೆ ಎಂದು ಆಮೇಲೆ ವಿಚಾರಿಸಿದೆ. ತಾಹೋ ಕಡೆಯ ಬೆಟ್ಟಗಳಲ್ಲಿ ಯಂತ್ರ ಒತ್ತಿ ಹದ ಮಾಡಿದ ಇಳಿಜಾರುಗಳಿರುತ್ತವೆ. ಅಲ್ಲಿ ನಾನೂ ಎರಡು ಚಳಿಗಾಲ ಬಿದ್ದು ಎದ್ದು, ಕಾಲಿಗೊಂದರಂತೆ ಕಟ್ಟುವ ಬಾಡಿಗೆ ಸ್ಕೀ ಹಲಗೆಗಳ ಮೇಲೆ ನಿಲ್ಲುವಷ್ಟು ಕಲಿತಿದ್ದೆ. ಪೌಡರ್ ಎಂದರೆ ಅದಲ್ಲ. ರಾತ್ರಿಯೆಲ್ಲಾ ಸುರಿದ, ಯಾರೂ ತುಳಿಯದ, ಸೊಂಟದ ತನಕ ಇರುವ ಹಿಟ್ಟಿನಂಥ ಹಿಮ. ಅದರೊಳಗೆ ಒಬ್ಬೊಬ್ಬರೇ ಹೋಗಬಾರದು, ಕಣ್ಣಳತೆಯಲ್ಲಿ ಒಬ್ಬ ಜೊತೆಗಾರ ಇರಲೇಬೇಕು ಎಂಬುದು ಅಲ್ಲಿನ ನಿಯಮ.

ನನ್ನ ಹೆಂಡತಿ ಧಾರವಾಡದವಳು, ತೀರ್ಪು ಕೊಡಲು ತಡ ಮಾಡುವುದಿಲ್ಲ. "ನಿಮ್ಮಪ್ಪ ಕೂಡ ಇದ್ರ ಹೋಗು. ಇಲ್ಲಂದ್ರ ಇಲ್ಲ."

ಹೀಗೆ ಮಗಳ ಆಸೆಯೆಲ್ಲ ಬಂದು ನನ್ನ ಎರಡು ಮಂಡಿಗಳ ಮೇಲೆ ಕೂತಿತು.

ಯಾವ ಕಾಲು ಮುಂದೆ?

ನನ್ನ ಬಾಡಿಗೆ ಸ್ಕೀಗಳು ಸಪೂರ. ಆಳದ ಹಿಮದಲ್ಲಿ ಚಾಕು ಮೊಸರಿಗೆ ಇಳಿದ ಹಾಗೆ ಇಳಿದುಬಿಡುತ್ತವೆ ಎಂದಳು ಮಗಳು. ಅಗಲ ಇದ್ದದ್ದು ತೇಲುತ್ತದೆ. ಹಾಗಾದರೆ ಅವಳ ಹಾಗೆ ನಾನೂ ಸ್ನೋಬೋರ್ಡನ್ನೇ ತೆಗೆದುಕೊಂಡರೆ ಹೇಗೆ? ಒಂದೇ ಅಗಲವಾದ ಹಲಗೆ, ಎರಡು ಕಾಲೂ ಅದರ ಮೇಲೆ. ಮನೆಮಂದಿಯೆಲ್ಲ ಅಂಗಡಿಗೆ ಹೋದೆವು. ನಮ್ಮಲ್ಲಿಗೆ ಬಂದು ತಂಗಿದ್ದ ಅತ್ತೆಯವರೂ ಬಂದರು, ಕೂರಲು ಒಳ್ಳೆಯ ಕುರ್ಚಿ ಇರುತ್ತದೆಂದು.

ಅಂಗಡಿಯ ಹುಡುಗಿ ಬಹಳ ವಿನಯದಿಂದ ಕೇಳಿದಳು. "ಯಾವ ಕಾಲು ಮುಂದಿಡುತ್ತೀರಿ?"

ಇದೂ ಒಂದು ಪ್ರಶ್ನೆಯೇ? "ಬಲಗಾಲು" ಅಂದೆ. ಹೊಸ ಮನೆಗೆ, ಮದುವೆ ಮನೆಗೆ, ಈ ದೇಶಕ್ಕೆ ಬರುವಾಗ ವಿಮಾನಕ್ಕೆ, ಎಲ್ಲಕ್ಕೂ ಬಲಗಾಲೇ ಇಟ್ಟು ಬಂದಿದ್ದೇನೆ.

ಅವಳು ಮುಗುಳ್ನಕ್ಕಳು. ಸಾಮಾನ್ಯವಾಗಿ ಜನ ಎಡಗಾಲು ಮುಂದಿಡುತ್ತಾರಂತೆ. ಬಲಗಾಲು ಮುಂದಿಡುವವರಿಗೆ ಈ ಆಟದವರು ಎಡವಟ್ಟು ಎಂಬರ್ಥದ ಒಂದು ಹೆಸರು ಇಟ್ಟಿದ್ದಾರಂತೆ. ಖಾತ್ರಿ ಮಾಡಿಕೊಳ್ಳಲು ನನ್ನನ್ನು ಅತ್ತ ತಿರುಗಿಸಿ ನಿಲ್ಲಿಸಿ, ಹಿಂದಿನಿಂದ ಮೆಲ್ಲಗೆ ದೂಡಿದಳು. ಬೀಳದಿರಲು ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ ನಿಜವಾದ ಕಾಲು. ನನ್ನ ಎಡಗಾಲು ಬಂತು. ತಕ್ಷಣ ಹಿಂದಕ್ಕೆ ಎಳೆದುಕೊಂಡು ಬಲಗಾಲು ಇಟ್ಟೆ.

"ಎಡಗಾಲು ಬಂತಲ್ಲ?"

"ಅದು ಅಪಚಾರ. ಇನ್ನೊಮ್ಮೆ ದೂಡಮ್ಮ."

ಅವಳು ದೂಡುವುದು, ನಾನು ಎಡಗಾಲನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಪಕ್ಕಕ್ಕೆ ವಾಲುವುದು, ಹೀಗೆ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಅವಳು ನನ್ನ ಹೆಂಡತಿಯನ್ನು ಕೇಳಿದಳು. "ಬಲಗಾಲು." ಕುರ್ಚಿಯಲ್ಲಿದ್ದ ಅತ್ತೆಯವರಿಗೆ ನನ್ನ ಮಗಳು ಪ್ರಶ್ನೆಯನ್ನು ಬಿಡಿಸಿ ಹೇಳಿದಾಗ ಅವರಿಗೆ ಸಿಟ್ಟೇ ಬಂತು. "ಬಲಗಾಲ ಇಡದ ಮತ್ತ್ಯಾವ ಕಾಲ ಇಡ್ತಾರ? ಮನಿ ಮಂದಿನs ಅಲ್ಲೇನು ನಾವು?"

ಅಂಗಡಿಯ ಹುಡುಗಿ ನಮ್ಮನ್ನೆಲ್ಲ ಒಮ್ಮೆ ಕಣ್ತುಂಬ ನೋಡಿದಳು. "ಒಂದು ಮನೆಯಲ್ಲಿ ಒಬ್ಬರು ಎಡವಟ್ಟು ಇರುತ್ತಾರೆ. ಇಡೀ ವಂಶವನ್ನು ನೋಡುತ್ತಿರುವುದು ಇದೇ ಮೊದಲು."

ಏಕಾದಶಿಯ ತೂಕ

ಎರಡು ಕಾಲನ್ನೂ ಒಂದೇ ಹಲಗೆಗೆ ಬಿಗಿದು ನಿಂತು ನೋಡಿದ ಮೇಲೆ ನನಗೊಂದು ತತ್ವ ಹೊಳೆಯಿತು: ಕಾಲುಗಳು ಬೇರೆಬೇರೆ ಇದ್ದರೆ ಮನುಷ್ಯ ಕಂತಿನಲ್ಲಿ ಬೀಳಬಹುದು, ಒಟ್ಟಿಗೆ ಕಟ್ಟಿದರೆ ಒಂದೇ ಸಲ. ಆದ್ದರಿಂದ ಸ್ಕೀಯೇ ಸರಿ ಎಂದು, ಮುಂದಿನ ವಾರ ಭಾವಮೈದನನ್ನು ಕರೆದುಕೊಂಡು ಮತ್ತೆ ಅಂಗಡಿಗೆ ಹೋದೆ. ಅವನಿರುವುದು ಫಾಸ್ಟರ್ ಸಿಟಿಯಲ್ಲಿ. ಒಂದು ಮಿಕ್ಸರ್ ಕೊಳ್ಳುವ ಮುಂಚೆ ಮೂರು ತಿಂಗಳು ಓದುವವನು.

ಸ್ಕೀಗಳನ್ನು ಒರಗಿಸಿದ ಗೋಡೆಯ ಮುಂದೆ ನಿಂತು ತಲೆ ಎತ್ತಿ ನೋಡಿದೆ. ನೆಲದಿಂದ ಸೂರಿನ ತನಕ ಸಾಲಾಗಿ ನಿಂತಿದ್ದವು. ಪೌಡರಿನವು ನಡುವಿನಲ್ಲೇ ಅಂಗೈಗಿಂತ ಅಗಲ, ಮೂತಿ ಇನ್ನೂ ಅಗಲ. ಆ ಮೂತಿ ಬಹಳ ಹಿಂದಿನಿಂದಲೇ ನಿಧಾನವಾಗಿ ಮೇಲಕ್ಕೆ ಬಾಗಿರುತ್ತದೆ, ಹಿಮವನ್ನು ಗುದ್ದದೆ ಅದರ ಮೇಲೆ ಹತ್ತಿಕೊಳ್ಳಲಿ ಎಂದು. ನಮ್ಮೂರಲ್ಲಿ ನಾಟಿಗೆ ಮುಂಚೆ ಕೆಸರುಗದ್ದೆ ಮಟ್ಟ ಮಾಡಲು ಎತ್ತಿಗೆ ಕಟ್ಟುವ ಹಲಗೆಯ ಮುಂದಿನ ಅಂಚನ್ನೂ ಹೀಗೇ ಮೇಲಕ್ಕೆ ಕೆತ್ತಿರುತ್ತಿದ್ದರು. ಕೆಸರು ಕಂಡವನಿಗೂ ಹಿಮ ಕಂಡವನಿಗೂ ಭಗವಂತ ಒಂದೇ ಬುದ್ಧಿ ಕೊಟ್ಟನಲ್ಲ ಎಂದು ಕೈ ಮುಗಿಯುವ ಹಾಗಾಯಿತು.

ಬಿಳಿ ಗಡ್ಡದ ಅಂಗಡಿಯವರು ಕೇಳಿದರು. "ನಿಮ್ಮ ತೂಕ ಎಷ್ಟು? ತೂಕ ಹೆಚ್ಚಿದ್ದಷ್ಟೂ ತೇಲಲು ಉದ್ದ ಜಾಸ್ತಿ ಬೇಕು."

"ಇವತ್ತಿನದು ಹೇಳಲೋ, ನಾಳೆಯದೋ?"

"ವ್ಯತ್ಯಾಸ ಇದೆಯೇ?"

"ಇವತ್ತು ಏಕಾದಶಿ, ಉಪವಾಸ. ನಾಳೆ ದ್ವಾದಶಿ ಪಾರಣೆ, ಊಟ ಉಂಟು. ತಿಂಗಳಿಗೆ ಎರಡು ಸಲ ನನ್ನ ತೂಕ ಇಳಿಯುತ್ತದೆ. ಹಿಮಕ್ಕೆ ಹೋಗುವ ದಿನ ಯಾವ ತಿಥಿ ಬರುತ್ತದೋ ನೋಡಿ ಹೇಳಬೇಕು."

ಅಂಗಡಿಯವರು ಪೆನ್ನು ಕೆಳಗಿಟ್ಟರು. ತಮ್ಮ ಕಸುಬಿನಲ್ಲಿ ಇಂಥ ನಿಖರತೆಯನ್ನು ಅವರು ಕಂಡಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

ಭಾವಮೈದ ತಡೆಯಲಾರದೆ ಹೋದ. "ಭಾವಾ, ಏಕಾದಶಿಗೆ ನೀವು ಬಿಡೂದು ಅನ್ನ ಅಷ್ಟ. ಮುಂಜಾನಿ ಒಂದ್ ಬೋಗುಣಿ ಸಾಬೂದಾಣಿ ಖಿಚಡಿ ಹೊಡದೀರಿ. ಆಮ್ಯಾಲೆ ಶೇಂಗಾ ಉಂಡಿ, ಬಾಳಿಹಣ್ಣು, ಖರ್ಜೂರ, ದೊಡ್ಡ ಲೋಟ ಹಾಲು. ಕಾರಿನ್ಯಾಗ ಬರೂವಾಗ ಗೋಡಂಬಿ. ಇದಕ್ಕ ಉಪವಾಸ ಅಂದ್ರ ಊಟಕ್ಕ ಏನಂತೀರಿ?"

"ಅದು ಫಲಾಹಾರ ಕಣಯ್ಯ."

ಅಂಗಡಿಯವರು ಸುಮ್ಮನೆ ತೂಕದ ಯಂತ್ರ ತಂದು ಮುಂದಿಟ್ಟರು. ಹತ್ತಿ ನಿಂತೆ. ಮಾಮೂಲಿ ದಿನದ್ದೆಂದು ನಾನು ತಿಳಿದಿದ್ದ ತೂಕಕ್ಕಿಂತ ಮುಳ್ಳು ಮುಂದೆ ಹೋಗಿ ನಿಂತಿತು. ಅವರು ದೊಡ್ಡ ಮನುಷ್ಯರು. ಕೈಯಲ್ಲಿದ್ದ ಜೊತೆಯನ್ನು ಗೋಡೆಗೆ ವಾಪಸ್ ಇಟ್ಟು, ಅದಕ್ಕಿಂತ ಉದ್ದದ್ದನ್ನು ಇಳಿಸಿ ಮೃದುವಾಗಿ ಹೇಳಿದರು.

"ಉಪವಾಸ ಮಾಡುವವರಿಗೆ ಇದು ಸರಿಯಾಗುತ್ತದೆ."

ಗರಾಜಿನಲ್ಲಿ ಚುರಮುರಿ

ಉದ್ದ ತೀರ್ಮಾನವಾಯಿತು, ಅಗಲ ಆಗಲಿಲ್ಲ. ಮನೆಗೆ ಒಯ್ದು ನೋಡಿ, ಬೇಡವಾದ ಜೊತೆಯನ್ನು ಹಿಂದಕ್ಕೆ ಕೊಡಿ ಎಂದರು ಅಂಗಡಿಯವರು. ಒಂದು ಜೊತೆ ಮಧ್ಯಮ ಅಗಲ, ಇನ್ನೊಂದು ಮಣೆಯಷ್ಟು ಅಗಲ. ಮಧ್ಯಮದ್ದಾದರೆ ಎಲ್ಲ ಬಗೆಯ ಹಿಮಕ್ಕೂ ಆಗುತ್ತದೆ, ತಿರುಗಿಸಲು ಸುಲಭ ಎಂದು ಭಾವಮೈದ. ಮುಳುಗಿದ ಮೇಲೆ ಏನನ್ನು ತಿರುಗಿಸುವುದು ಎಂದು ಮಗಳು. ಹಿಮವೇ ಬೀಳದ ನಮ್ಮ ಡಬ್ಲಿನ್ನಿನಲ್ಲಿ ಪರೀಕ್ಷೆಗೆ ಹಿಮ ಎಲ್ಲಿಂದ ತರುವುದು?

ಕಾಫಿ ತಂದ ಅತ್ತೆಯವರು ಇಬ್ಬರ ಮಾತೂ ಕೇಳಿ, "ಬರ್ಫ ಇಲ್ಲಂದ್ರ ಏನಾತು, ಚುರಮುರಿ ಅದಲ್ಲ" ಅಂದರು.

ಧಾರವಾಡದವರ ಮನೆಯಲ್ಲಿ ಚುರಮುರಿಗೆ, ಅಂದರೆ ಮಂಡಕ್ಕಿಗೆ, ಬರ ಇರುವುದಿಲ್ಲ. ದೊಡ್ಡ ದೊಡ್ಡ ಚೀಲಗಳು ಕೆಳಗಿಳಿದವು. ಮಗಳು ಮಗುವಾಗಿದ್ದಾಗ ನೀರಾಡುತ್ತಿದ್ದ ಪ್ಲಾಸ್ಟಿಕ್ ತೊಟ್ಟಿ ಗರಾಜಿನಲ್ಲೇ ಇತ್ತು. ಅದನ್ನು ತೊಳೆದು ಒರೆಸಿ ಚುರಮುರಿ ಸುರಿದೆವು. ನೋಡಲು ಥೇಟ್ ಹೊಸ ಹಿಮ. ಭಾವಮೈದ ಸ್ಕೀ ಇಟ್ಟು ಮೇಲೆ ಕಾಲಿಡಲು ಹೋದ.

"ತೆಗಿಯೋ ಕಾಲು!" ಎಂದು ನಾನೂ ಅತ್ತೆಯವರೂ ಒಟ್ಟಿಗೆ ಕೂಗಿದೆವು. ಅನ್ನ ಪರಬ್ರಹ್ಮ. ಅಕ್ಕಿಯಿಂದ ಆದದ್ದನ್ನು ತುಳಿಯುವುದುಂಟೆ?

"ಹಂಗಾದ್ರ ಮನಿಶಾನ ತೂಕ ಎಲ್ಲಿಂದ ತರೂದು?"

ಸೋನಾಮಸೂರಿಯ ಮೂಟೆಗಳು ಬಂದವು. ಅನ್ನದ ಮೇಲೆ ಅನ್ನ ಕೂರಬಹುದು, ದೋಷವಿಲ್ಲ. ಮಧ್ಯಮ ಅಗಲದ್ದರ ಮೇಲೆ ಮೂಟೆ ಇಟ್ಟೆವು. ಮೂತಿ ಮೊದಲು ಹೋಯಿತು, ಆಮೇಲೆ ಉಳಿದದ್ದೂ ಚುರಮುರಿಯೊಳಗೆ ಕಣ್ಮರೆಯಾಯಿತು. ಅಗಲದ್ದರ ಮೇಲೆ ಅದೇ ಮೂಟೆ ಇಟ್ಟೆವು. ಕರಕರ ಎಂದು ಸ್ವಲ್ಪ ಕುಸಿದು, ಬಾಗಿದ ಮೂತಿಯನ್ನು ಮೇಲೆತ್ತಿಕೊಂಡು ನಿಂತುಬಿಟ್ಟಿತು, ಕೆರೆಯ ಮೇಲೆ ತೆಪ್ಪ ನಿಂತ ಹಾಗೆ. ಓದಿಕೊಂಡು ಬಂದಿದ್ದ ಭಾವಮೈದ ಕೂಡ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ.

ಅತ್ತೆಯವರು ಚುರಮುರಿಯನ್ನು ಚೆಲ್ಲಲು ಬಿಡಲಿಲ್ಲ. "ಹೊಸಾ ಹಲಗಿ, ತೊಳದ ತೊಟ್ಟಿ. ಏನಾಗೇದ ಅದಕ್ಕ?" ಸೋಮವಾರ ಸೂಸಲ, ಮಂಗಳವಾರ ಗಿರಮಿಟ್, ಬುಧವಾರ ಒಗ್ಗರಣೆ ಹಾಕಿದ್ದು, ಗುರುವಾರ ಬೆಲ್ಲದ ಉಂಡೆ. ಶುಕ್ರವಾರ ತಟ್ಟೆಯ ಮುಂದೆ ಕೂತ ಮಗಳು ನಿಟ್ಟುಸಿರು ಬಿಟ್ಟಳು.

"ಅಪ್ಪಾ, next time ಟೆಸ್ಟಿಂಗ್‌ಗೆ ಪಿಜ್ಜಾ ಯೂಸ್ ಮಾಡೋಣ, please."

ಆನೆಯೋ ಗಣಪತಿಯೋ

ಮಗಳ ಹಳೆಯ ಬೋರ್ಡು ಗಿಡ್ಡ. ಪೌಡರಿಗೆ ಮೂತಿ ಅಗಲ, ಬಾಲ ಸಪೂರ ಇರಬೇಕು. ಬಾಲ ತಾನಾಗಿ ಕೆಳಗಿಳಿದು ಮೂತಿ ಮೇಲೇಳುತ್ತದೆ. ಅಂಗಡಿಯಲ್ಲಿ ಅಂಥದ್ದೊಂದು ಸಿಕ್ಕಿತು, ಬಾಲವನ್ನು ಹಕ್ಕಿಯ ಬಾಲದಂತೆ ಸೀಳಿದ್ದರು. ಮಗಳು ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ನಾನು ನೋಡಿದ್ದು ಅದರ ಮೇಲಿನ ಚಿತ್ರವನ್ನು. ಕಾಲಿಡುವ ಜಾಗದಲ್ಲಿ, ಬಣ್ಣಬಣ್ಣದ ಬಳ್ಳಿಗಳ ನಡುವೆ ಒಂದು ಆನೆಯ ಮುಖ.

"ಬೇಡಮ್ಮ. ಇದರ ಮೇಲೆ ಬೂಟು ಇಡೋ ಹಾಗಿಲ್ಲ."

"ಅಪ್ಪಾ, it's just an elephant!"

"ಆನೆಯಾದರೆ ಸರಿ. ಗಣಪತಿಯಾದರೆ?"

ಹಿಂದೆ ನಮ್ಮ ವಂಶವನ್ನು ಕಂಡಿದ್ದ ಅದೇ ಹುಡುಗಿ ಇದ್ದಳು. ಬಹಳ ಗೌರವದಿಂದ ಕೇಳಿದಳು. "ಎರಡಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು?" ನಾನು ವಿವರಿಸಿದೆ. ದಂತ ಒಂದು ಮುರಿದಿದ್ದರೆ ಅನುಮಾನ. ಪಕ್ಕದಲ್ಲಿ ಇಲಿ ಇದ್ದರೆ ಸಂಶಯವೇ ಇಲ್ಲ. ದಂತಗಳನ್ನು ನೋಡಿದೆವು, ಒಂದು ಕಾಣುತ್ತಿತ್ತು, ಇನ್ನೊಂದು ಬಳ್ಳಿಯ ಹಿಂದೆ. ಇನ್ನು ಉಳಿದದ್ದು ಇಲಿ.

ಬೋರ್ಡನ್ನು ನೆಲದ ಮೇಲೆ ಮಲಗಿಸಿ, ಮೂವರೂ ಮಂಡಿಯೂರಿ, ಅವಳು ಫೋನಿನ ದೀಪ ಹಾಕಿ ಅಂಗುಲ ಅಂಗುಲ ಹುಡುಕಿದೆವು. ಆಗ ಅಂಗಡಿಯ ಮ್ಯಾನೇಜರು ಬಂದರು. ಬೆಂಚಿನ ಹಿಂದೆ ನಮ್ಮ ಬೆನ್ನುಗಳಷ್ಟೇ ಅವರಿಗೆ ಕಾಣುತ್ತಿದ್ದವು.

"ಏನು ಹುಡುಕುತ್ತಿದ್ದೀರಿ?"

ಹುಡುಗಿ ತಲೆ ಎತ್ತದೆ ಹೇಳಿದಳು. "ಇಲಿ, ಸರ್. ಇದ್ದರೆ ಇವರು ಕೊಳ್ಳುವುದಿಲ್ಲವಂತೆ."

ಬರಿಗಾಲಲ್ಲಿ ಬೂಟು ನೋಡುತ್ತಿದ್ದ ಹೆಂಗಸೊಬ್ಬಳು ಕಿರುಚಿ ಬೆಂಚಿನ ಮೇಲೆ ಹತ್ತಿದಳು. ಅವಳನ್ನು ನೋಡಿ ಇನ್ನಿಬ್ಬರು ಹತ್ತಿದರು. ಮ್ಯಾನೇಜರು ದೊಡ್ಡ ದನಿಯಲ್ಲಿ "ನಮ್ಮಲ್ಲಿ ಇಲಿ ಇಲ್ಲ! ಇಲಿ ಇಲ್ಲ!" ಎಂದರು. ಅದುವರೆಗೆ ಇಲಿಯ ಸುದ್ದಿ ಕೇಳದವರೂ ಅದರಿಂದ ಕೇಳಿದರು, ಬಾಗಿಲ ಕಡೆ ನಡೆದರು.

ಮಗಳು ಬೋರ್ಡನ್ನು ಎತ್ತಿ ಹೆಗಲಿಗಿಟ್ಟಳು. "Okay ಅಪ್ಪಾ. ಇಲಿ ಇಲ್ಲ. ಈಗ customers ಕೂಡ ಇಲ್ಲ. ಬಿಲ್ಲಿಂಗ್ ಬೇಗ ಆಗುತ್ತೆ."

ಬೆಟ್ಟ ಕಾಯುವವನು

ಬೆಟ್ಟಕ್ಕೆ ಹೋದೆವು. ಬಾಡಿಗೆ ಮನೆಯಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಕಣ್ಣು ಬಿಟ್ಟರೆ, ಕಾರು ಇದ್ದ ಕಡೆ ಒಂದು ಬಿಳಿಯ ಗುಡ್ಡೆ. ಆಕಾಶ ತೊಳೆದಿಟ್ಟ ಹಾಗಿತ್ತು. ಇಷ್ಟೊಂದು ಬಿಳಿಯನ್ನು ಅಷ್ಟು ಸದ್ದಿಲ್ಲದೆ ತಂದು ಸುರಿದವನು ಯಾರು ಎಂದು ನಾನು ಜಗುಲಿಯಲ್ಲೇ ನಿಂತುಬಿಟ್ಟೆ.

ಅತ್ತೆಯವರು ಆರತಿ ತಟ್ಟೆಯೊಂದಿಗೆ ಬಂದರು. ಹೊಸ ವಾಹನ ಪೂಜೆಯಿಲ್ಲದೆ ಹೊರಡುವುದುಂಟೆ? ಆದರೆ ಕುಂಕುಮ ಎಲ್ಲಿ ಹಚ್ಚುವುದು? ಸ್ಕೀಯ ಮೇಲ್ಭಾಗದಲ್ಲಿ ಬೂಟು ನಿಲ್ಲುತ್ತದೆ, ಕುಂಕುಮವನ್ನು ಬೂಟಿಗೆ ತುಳಿಸಬಾರದು. ಇಬ್ಬರೂ ಯೋಚಿಸಿ, ಕೆಳಭಾಗ ಹಿಮವನ್ನು ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಅದೇ ಮಡಿ ಎಂದು ತೀರ್ಮಾನಿಸಿದೆವು. ಹಿಮಕ್ಕೆ ತೊಳೆದು ಹೋಗದಿರಲಿ ಎಂದು ಅವರು ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಹೊಸ್ತಿಲಿಗೆ ಬಳಿಯುವಂತೆ ಎರಡು ಸ್ಕೀಗಳ ಅಡಿಗೂ ಉದ್ದಕ್ಕೆ ಬಳಿದರು. ನಡುನಡುವೆ ಅರಿಶಿನ. ಮಗಳು ತನ್ನ ಬೋರ್ಡಿಗೆ ಒಂದು ಸಣ್ಣ ಬೊಟ್ಟಿಗಷ್ಟೇ ಒಪ್ಪಿದಳು.

ಹೆಂಡತಿ, ಅತ್ತೆಯವರು ಕೆಳಗಿನ ಕಟ್ಟಡದಲ್ಲಿ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಕೂತರು. ಹೆಂಡತಿ ಮಗಳಿಗೆ ಕೊನೆಯದಾಗಿ ಹೇಳಿದಳು. "ಇವತ್ತ ನೋಡ್ತೀನಿ. ಏನರ ಹೆಚ್ಚುಕಡಿಮಿ ಆತಂದ್ರ, ಇನ್ನ ಮುಂದ ಈ ಪೌಡರಿನ ಹೆಸರ ಎತ್ತಬ್ಯಾಡ."

ನಾನೂ ಮಗಳೂ, ತಂತಿಗೆ ನೇತುಬಿದ್ದು ಬೆಟ್ಟ ಹತ್ತಿಸುವ ತೂಗುಕುರ್ಚಿಯಲ್ಲಿ ಮೇಲೆ ಹೋದೆವು. ಮರಗಳ ನಡುವಿನ ಇಳಿಜಾರಿನ ತಲೆಯ ಮೇಲೆ ನಿಂತು ಮಗಳು ನನಗೆ ಪಾಠ ಹೇಳಿದಳು. ನಾನು ಅವಳಿಗೆ ಸೈಕಲ್ ಕಲಿಸುವಾಗಲೂ ಅಷ್ಟು ತಾಳ್ಮೆ ತೋರಿಸಿರಲಿಲ್ಲ.

"ನಾನು ಮುಂದೆ ಹೋಗಿ ನಿಲ್ತೀನಿ, ಆಮೇಲೆ ನೀನು. ಮರದ ಬುಡದ ಹತ್ರ ಹೋಗ್ಬೇಡ, ಅಲ್ಲಿ ಹಿಮದೊಳಗೆ ಗುಂಡಿ ಇರುತ್ತೆ. ಬ್ರೇಕ್ ಹಾಕ್ಬೇಡ, just float. ಮತ್ತೆ ಕೂಗ್ತಾ ಇರು, ನೀನು ಎಲ್ಲಿದೀಯ ಅಂತ ನಂಗೆ ಗೊತ್ತಾಗ್ಬೇಕು."

"ಏನಂತ ಕೂಗಲಿ?"

"Anything!"

ನನಗೆ ಗೊತ್ತಿದ್ದದ್ದು ಒಂದೇ. "ಗೋವಿಂದಾ!" ಎಂದು ಕೂಗಿ ಬಿಟ್ಟುಕೊಂಡೆ.

ಆಮೇಲಿನದನ್ನು ಹೇಗೆ ಬರೆಯಲಿ? ಕಾಲ ಕೆಳಗೆ ನೆಲ ಇರಲಿಲ್ಲ. ಸದ್ದೂ ಇರಲಿಲ್ಲ. ಮೂತಿಗಳೆರಡೂ ಬಿಳಿಯೊಳಗಿಂದ ಮೇಲೆದ್ದು ಮುಂದೆ ಮುಂದೆ ಹೋಗುತ್ತಿದ್ದವು, ಹಿಮ ಎದೆಯ ತನಕ ಹಾರಿ ಮುಖಕ್ಕೆ ರಂಗೋಲಿ ಪುಡಿಯಂತೆ ಬೀಳುತ್ತಿತ್ತು. ಎಣ್ಣೆ ಕುಂಕುಮದ ಅಂಟಿಗೆ ವೇಗ ಏರಲಿಲ್ಲ, ಅದೂ ಅವನ ಕೃಪೆ. ಇಷ್ಟು ವರ್ಷ ಕಣ್ಣು ಮುಚ್ಚಿ ಕೂತು ಹುಡುಕುತ್ತಿದ್ದ ನಿಶ್ಶಬ್ದದ ಒಳಗೆ ಕಣ್ಣು ಬಿಟ್ಟುಕೊಂಡೇ ಜಾರಿ ಹೋಗುತ್ತಿದ್ದೆ. ಕೆಳಗಿಂದ ಮಗಳ ದನಿ ಬಂತು. "ಗೋ...ವಿಂದ!" ಮಾತೆತ್ತಿದರೆ ಇಂಗ್ಲಿಷ್ ಆಡುವ ನನ್ನ ಮಗಳು. ನನ್ನ ಕಣ್ಣು ತುಂಬಿತು. ತೂಗುಕುರ್ಚಿಯಲ್ಲಿ ಮೇಲೆ ಹೋಗುತ್ತಿದ್ದ ಯಾರೋ ಅಪರಿಚಿತರು ಕೂಡ ಕೈಬೀಸಿ "ಗೋವಿಂದಾ!" ಎಂದರು.

ಅವರಿಗೆ ತಿರುಗಿ ನಮಸ್ಕಾರ ಮಾಡಿದೆ. ಅಲ್ಲೇ ತಪ್ಪಾದದ್ದು.

ತಲೆ ಕೆಳಗಾಗಿ ಹೋಗಿ ಬಿದ್ದೆ. ಒಂದು ಸ್ಕೀ ಕಾಲಲ್ಲಿ ಉಳಿಯಿತು, ಇನ್ನೊಂದು ಕಳಚಿಕೊಂಡು ಹಿಮದೊಳಗೆ ಹಾವಿನಂತೆ ಹೋಗಿ ಮಾಯವಾಯಿತು. ಮೂಗು ಬಾಯಿಯೆಲ್ಲ ಹಿಮ, ಕೂಗಲು ದನಿಯಿಲ್ಲ. ಮಗಳು ಕೆಳಗಿಂದ "ಗೋವಿಂದ" ಎಂದಳು. ಮತ್ತೆ ಎಂದಳು. ಮೂರನೆಯ ಸಲ ಅದು ಗೋವಿಂದನನ್ನು ಕರೆದದ್ದಲ್ಲ. "ಅಪ್ಪಾ! ಅಪ್ಪಾ!"

ಬೋರ್ಡು ಬಿಚ್ಚಿ, ಸೊಂಟದಾಳದ ಹಿಮದಲ್ಲಿ ಈಜಿಕೊಂಡು ಹತ್ತಿ ಬಂದಳು. ಮೊದಲು ನನ್ನ ಮುಖದ ಹಿಮ ತೆಗೆದಳು. ನಾನು ಉಸಿರು ಬಿಟ್ಟು "ಗೋವಿಂದ" ಅಂದ ಮೇಲೆ ತಾನೂ ಉಸಿರು ಬಿಟ್ಟಳು.

ಅಷ್ಟರಲ್ಲಿ ಮೇಲಿಂದ ಕೆಂಪು ಜಾಕೆಟ್ಟಿನ ಬೆಟ್ಟ ಕಾಯುವವನೊಬ್ಬ, ಗಾಯಾಳುಗಳನ್ನು ಸಾಗಿಸುವ ಜಾರುಬಂಡಿ ಸಮೇತ ಇಳಿದು ಬಂದ. ಆರಡಿ ಮೀರಿದ ಆಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಲುಗಾಡಬೇಡಿ! ರಕ್ತ ಎಲ್ಲಿಂದ ಹೋಗುತ್ತಿದೆ?"

ತಿರುಗಿ ನೋಡಿದೆ. ಬೆಟ್ಟದ ತಲೆಯಿಂದ ನನ್ನ ತನಕ, ಆ ಅಪ್ಪಟ ಬಿಳುಪಿನ ಮೇಲೆ, ಎರಡು ಕೆಂಪು ಗೆರೆ ಅಂಕುಡೊಂಕಾಗಿ ಇಳಿದು ಬಂದಿದ್ದವು. ತೂಗುಕುರ್ಚಿಯಲ್ಲಿದ್ದವರೇ ನೋಡಿ ಗಾಬರಿಯಿಂದ ತಿಳಿಸಿದ್ದರಂತೆ.

"ರಕ್ತ ಅಲ್ಲಪ್ಪ, ಕುಂಕುಮ."

"ಆ ಹಳದಿ?"

"ಅರಿಶಿನ."

ಅವನು ಮಂಡಿಯೂರಿ, ತಲೆಗೆ ಪೆಟ್ಟು ಬಿದ್ದವರನ್ನು ಕೇಳುವ ಪ್ರಶ್ನೆ ಕೇಳಿದ. "ಇವತ್ತು ಯಾವ ದಿನ, ಹೇಳಿ ನೋಡೋಣ?"

ಬೆಳಿಗ್ಗೆ ಸಂಕಲ್ಪದಲ್ಲಿ ಹೇಳಿಕೊಂಡದ್ದು ನಾಲಿಗೆಯ ಮೇಲೇ ಇತ್ತು. "ಮಾಘ ಶುದ್ಧ ತ್ರಯೋದಶಿ, ಪುನರ್ವಸು ನಕ್ಷತ್ರ."

ಅವನು ವಾಕಿಟಾಕಿ ತೆಗೆದು ಮೆಲ್ಲಗೆ ಹೇಳಿದ. "ಪ್ರಜ್ಞೆ ಇದೆ. ಆದರೆ ಬುದ್ಧಿಗೆ ಬಲವಾದ ಪೆಟ್ಟು."

"No no," ಎಂದಳು ಮಗಳು. "ಇವರು ಯಾವಾಗಲೂ ಹೀಗೇ." ಎಲ್ಲವನ್ನೂ ಅವನಿಗೆ ಬಿಡಿಸಿ ಹೇಳಿದಳು, ಪೂಜೆ, ಬೂಟು, ಕೆಳಭಾಗ, ಕೊಬ್ಬರಿ ಎಣ್ಣೆ. ಅವನು ಕೇಳುತ್ತಾ ಕೇಳುತ್ತಾ ಕೆಂಪು ಗೆರೆಯ ಕೊನೆಯ ತನಕ ಹೋದ, ಅದು ಹಿಮದೊಳಗೆ ನುಗ್ಗಿದ ಕಡೆ ಕೈ ಹಾಕಿದ, ನನ್ನ ಕಳೆದುಹೋದ ಸ್ಕೀಯನ್ನು ಮೊದಲ ಸಲಕ್ಕೇ ಹೊರಗೆಳೆದ. ಎಳೆದವನು ಅದನ್ನು ಹಿಡಿದುಕೊಂಡು ಹಾಗೇ ನಿಂತ. ಈ ಹಿಮದಲ್ಲಿ ಕಳಚಿದ ಸ್ಕೀ ಎಷ್ಟೋ ಸಲ ಬೇಸಿಗೆ ಬಂದ ಮೇಲೇ ಸಿಗುವುದಂತೆ.

"ಇವರ ಜೊತೆಗಾರ ಯಾರು?" ಎಂದು ಕೇಳಿದ.

"ನಾನು" ಎಂದಳು ಮಗಳು.

"ನಿನ್ನ ಜೊತೆಗಾರ?"

ತಲೆಯಿಂದ ಕಾಲಿನ ತನಕ ಹಿಟ್ಟು ಮೆತ್ತಿದ ಹಾಗೆ ಕೂತಿದ್ದ ನನ್ನನ್ನು ತೋರಿಸಿ, ಒಂದಿಷ್ಟೂ ತಡವರಿಸದೆ, "ಇವರೇ, ನಮ್ಮಪ್ಪ" ಎಂದಳು.

ಖಾಲಿ ಜಾರುಬಂಡಿ ಮುಂದೆ, ನಾವು ಹಿಂದೆ ಇಳಿದೆವು. ಜಾರುಬಂಡಿಯನ್ನು ಕಂಡದ್ದೇ ಹೆಂಡತಿ ಹೊರಗೆ ಓಡಿ ಬಂದಿದ್ದಳು. ಇಬ್ಬರೂ ನಿಂತಿರುವುದನ್ನು ನೋಡಿ ಹೋದ ಜೀವ ಬಂದಂತಾಗಿ, ಬಂದ ಜೀವದ ಜೊತೆಗೆ ಸಿಟ್ಟೂ ಬಂತು. "ಸಾಕು! ಬಿಚ್ಚರಿ ಅವನ್ನ! ಇನ್ನ ಯಾರೂ ಮ್ಯಾಲ ಹೋಗೂದ ಬ್ಯಾಡ!"

ಮಗಳು ತಲೆ ತಗ್ಗಿಸಿ ಬೋರ್ಡಿನ ಪಟ್ಟಿಗೆ ಕೈ ಹಾಕಿದಳು. ನಾನೂ ಬಗ್ಗಿ ಸ್ಕೀ ಕಳಚಲು ಹೊರಟೆ. ಬಿದ್ದವನು ನಾನೇ.

ಬೆಟ್ಟ ಕಾಯುವವನಿಗೆ ಭಾಷೆ ತಿಳಿಯದಿದ್ದರೂ ತೀರ್ಪು ತಿಳಿಯಿತು. ಹೆಲ್ಮೆಟ್ ತೆಗೆದು ಹೆಂಡತಿಯ ಮುಂದೆ ನಿಂತು ಹೇಳಿದ. "ಅಮ್ಮ, ನಿಮ್ಮ ಮಗಳು ನಮ್ಮವರಿಗಿಂತ ಮುಂಚೆ ಇವರ ಹತ್ತಿರ ತಲುಪಿದ್ದಳು. ಇನ್ನು ಇವರ ಮಾತು. ಈ ಬೆಟ್ಟದಲ್ಲಿ ಯಾರು ಬೇಕಾದರೂ ಕಳೆದುಹೋಗಬಹುದು, ಇವರಿಗೆ ಮಾತ್ರ ಅದು ಸಾಧ್ಯವಿಲ್ಲ. ಆ ಗುಡ್ಡದಿಂದ ನೋಡಿದರೂ ಕಾಣುತ್ತಾರೆ."

ಹೆಂಡತಿ ಮೇಲಕ್ಕೆ ನೋಡಿದಳು. ಎಲ್ಲಿ ಹೋದೆವು, ಎಲ್ಲಿ ತಿರುಗಿದೆವು, ಎಲ್ಲಿ ಬಿದ್ದೆ, ಎಲ್ಲಾ ಕೆಂಪಾಗಿ ಬರೆದಿಟ್ಟ ಹಾಗಿತ್ತು. ಬಹಳ ಹೊತ್ತು ನೋಡಿದಳು.

"ಹಂಗಾದ್ರ ಕಾಫಿ ಕುಡದ ಹೋಗ್ರಿ" ಅಂದಳು. ಮಗಳು ನನ್ನನ್ನು ಅಪ್ಪಿಕೊಂಡ ರಭಸಕ್ಕೆ ನಾನು ಇನ್ನೊಮ್ಮೆ ಬಿದ್ದೆ.

ಅತ್ತೆಯವರ ಗಮನ ಬೇರೆ ಕಡೆ ಇತ್ತು. ಬೆಟ್ಟ ಕಾಯುವವನು ಹೆಗಲ ಮೇಲೆ ಇಟ್ಟುಕೊಂಡಿದ್ದ ಸ್ಕೀಗಳ ಅಡಿಯನ್ನು ಅವರು ದಿಟ್ಟಿಸುತ್ತಿದ್ದರು.

"ಅಯ್ಯ ಪಾಪ. ಊರ ಮಂದೀನ ಕಾಯಾಂವಾ, ತನ್ನ ಹಲಗೀನ ಬೋಳ ಅದ. ಕರೀ ಅವನ್ನ. ತಿರುವಿ ಹಿಡಿ ಅನ್ನು."

ಮಗಳು ತರ್ಜುಮೆ ಮಾಡಿದಳು. ಅವನು ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. ಆ ದೊಡ್ಡ ದೇಹವನ್ನು ಬಗ್ಗಿಸಿ, ಸ್ಕೀಗಳನ್ನು ಅಡಿ ಮೇಲಾಗಿ ತಿರುಗಿಸಿ, ಎರಡು ಕೈಯಲ್ಲೂ ಹಿಡಿದು ಅತ್ತೆಯವರ ಮುಂದೆ ನಿಂತ. ಅವರು ಕುಂಕುಮದ ಬಟ್ಟಲು ತೆಗೆದರು.

ಬಳಿದು ಮುಗಿಸಿ ತಲೆ ಎತ್ತಿದಾಗ ಅವನ ಹಿಂದೆ, ಅದೇ ಕೆಂಪು ಜಾಕೆಟ್ಟಿನ ಇನ್ನೂ ನಾಲ್ಕು ಜನ ತಮ್ಮ ತಮ್ಮ ಸ್ಕೀ ತಿರುವಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು.